ಹೆಬ್ಬೆಟ್ಟಿನ ಮಾನ

ಗುಬ್ಬಿ ಬಸ್ ನಿಲ್ದಾಣದಲ್ಲಿ ಇಸ್ತ್ರಿ ಅಂಗಿಯವರೊಬ್ಬರು ಫೋನಿನಲ್ಲಿ ಗೋಳಾಡುತ್ತಿದ್ದರು: ‘ನಮ್ಮ ಪಂಚಾಯ್ತಿ ಅಧ್ಯಕ್ಷೆ ಬರೀ ಹೆಬ್ಬೆಟ್ಟು ಕಣ್ರೀ.’

ಕಿವಿಗೆ ಚುಚ್ಚಿತು. ನನ್ನದೊಂದು ವಾದವಿದೆ, ಒಪ್ಪುವವರು ಕಡಿಮೆ: ಹೆಬ್ಬೆಟ್ಟು ಹುಟ್ಟಿದ್ದು ಓದು ಬಾರದವರಿಗಾಗಿ ಅಲ್ಲ, ಬರೆದುಕೊಟ್ಟು ಆಮೇಲೆ ‘ನಂದಲ್ಲ’ ಅನ್ನುವವರಿಗಾಗಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನ ಇಡೀ ಅಂಗೈಯನ್ನೇ ಕರಾರಿನ ಮೇಲೆ ಒತ್ತಿಸಿಕೊಂಡದ್ದು, ನಾಳೆ ಅವನು ಸಹಿಗೆ ಕೈ ಕೊಟ್ಟಾನೆಂಬ ಭಯಕ್ಕೆ.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು.’ ಈ ಗಾದೆ ಶಾಲೆಯ ಜಗಲಿಯಲ್ಲಿ ಹುಟ್ಟಿಲ್ಲ, ಸಂತೆಯಲ್ಲಿ ಹುಟ್ಟಿದೆ ಅಂತ ನನ್ನ ಗುಮಾನಿ. ಕಾಲು, ಅರೆ, ಮುಕ್ಕಾಲು ಅಂತ ರಾಗಿ ಅಳೆದವರ ಲೆಕ್ಕ ಅದು. (ಈಗಿನ ಮಕ್ಕಳಿಗೆ ಒಕ್ಕಾಲು ಅಂದರೆ ಒಂಟಿ ಕಾಲಿನವನು, ‘ಟ್ವೆಂಟಿಫೈವ್ ಪರ್ಸೆಂಟ್’ ಅಂದರಷ್ಟೇ ತಲೆಗೆ ಹತ್ತುತ್ತದೆ.) ಬಹುಶಃ ಶಾನುಭೋಗರ ಲೆಕ್ಕದಿಂದ ಬೇಸತ್ತ ರೈತನೇ ಕಟ್ಟಿದನೇನೋ. ಹಳೇ ಮೈಸೂರಿನಲ್ಲಿ ಓದುಬರಹ ಶಾನುಭೋಗರದು, ಊರಿನ ಪೊಲೀಸ್ ಗತ್ತು ಪಟೇಲರದು; ಇಬ್ಬರ ಅರ್ಹತೆಯೂ ಹುಟ್ಟು. ಆ ವಂಶದ ಹುದ್ದೆಗಳನ್ನು ತೆಗೆಯಲು 1961ರ ಕಾಯ್ದೆಯೇ ಬರಬೇಕಾಯಿತು. ಗಾದೆ ಓದಿಗೆ ಸೊನ್ನೆ ಕೊಟ್ಟಿಲ್ಲ, ಗಮನಿಸಿ. ಕಾಲು ಪಾಲು ಬಿಟ್ಟಿದೆ. ಅದನ್ನು ತುಂಬುವುದು ಚುನಾವಣೆ ಗೆಲ್ಲುವ ಮೊದಲೋ, ಗೆದ್ದ ಮೇಲೋ?

ಹರಿಯಾಣ ಮೊದಲೇ ಅಂದಿತು. ಪಂಚಾಯ್ತಿಗೆ ನಿಲ್ಲಲು ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೇ ತರಗತಿ ಆಗಿರಬೇಕೆಂಬ ಅದರ ಕಾನೂನನ್ನು ಸುಪ್ರೀಂ ಕೋರ್ಟೂ 2015ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಅಂಥದೇ ಕಟ್ಟಳೆ ತಂದಿದ್ದ ರಾಜಸ್ಥಾನ 2019ರಲ್ಲಿ ಕೈಬಿಟ್ಟಿತು. ಅಮೆರಿಕದ ಬಹುತೇಕ ಕೌಂಟಿಗಳಲ್ಲಂತೂ ಪೊಲೀಸ್ ಮುಖ್ಯಸ್ಥ ಶೆರಿಫನನ್ನೇ ಜನ ಓಟು ಹಾಕಿ ಆರಿಸುತ್ತಾರೆ. ತರಬೇತಿ ಯಾವಾಗ, ಎಷ್ಟು ಎಂಬುದು ರಾಜ್ಯಕ್ಕೊಂದು ಬಗೆ. ನಮ್ಮ ಕರ್ನಾಟಕದಲ್ಲಿ 21 ವರ್ಷ ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರನ್ನು ಓದು ಸಾಲದೆಂದು ತಡೆಯುವುದಿಲ್ಲ. ಗೆದ್ದವರಿಗೆ ಪಾಠ ಹೇಳಲು ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿದೆ. ಗೆದ್ದ ಮೇಲೆ ಕಲಿಯುವುದೇ ಸರಿ ಅನ್ನುವುದು ನನ್ನ ಪಕ್ಷ. ಮೂರು-ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ರಾಜ್‌ಕುಮಾರರನ್ನು ಗುಬ್ಬಿ ಕಂಪನಿ ರಂಗಕ್ಕೆ ಹತ್ತಿಸಿದಾಗ ಅಂಕಪಟ್ಟಿ ಕೇಳಿತ್ತೇ?

ಈಗ ನ್ಯಾಯಬೆಲೆ ಅಂಗಡಿಯ ಯಂತ್ರವೂ ಎಂ.ಎ. ಪದವೀಧರನಿಂದ ಬೆರಳನ್ನೇ ಕೇಳುತ್ತದೆ. ಕಾಗೆ ಕಾಲಿನಂಥ ಎರಡು ಗೆರೆ ಎಳೆದು ‘ಸೈನ್’ ಅನ್ನುತ್ತಾರಲ್ಲ, ಅದರಲ್ಲಿ ಯಾರ ಹೆಸರಿದೆಯೆಂದು ಒಬ್ಬರು ಓದಿ ಹೇಳಲಿ ನೋಡೋಣ.