ಚಿನ್ನದೂರಿಗೆ ಹೊಟ್ಟೆಪಾಡಿಗೆ ಬಂದೋರು (ಭಾಗ 4)

ಫೋಟೋದಲ್ಲಿರೋದು ಉರಿಗಾಂ ಸ್ಟೇಷನ್. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಶುರುವಾದ ಲೈನು. "ವಲಸೆ ಬಂದೋರು ಊರಿಗೆ ಭಾರ" ಅಂತ ಯಾರಾದ್ರೂ ಅಂದಾಗ ನನಗೆ ಈ ಹಳಿಗಳೇ ನೆನಪಾಗ್ತವೆ.

1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲೂ ಮದ್ರಾಸ್ ಪ್ರಾಂತ್ಯದಲ್ಲೂ ಲಕ್ಷಗಟ್ಟಲೆ ಜನ ಸತ್ತರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಗಣಿಗೆ ಇಳಿದವರಲ್ಲಿ ಬಹಳಷ್ಟು ಜನ ಉತ್ತರ ಆರ್ಕಾಟ್, ಸೇಲಂ ಕಡೆಯ ಭೂಮಿಯಿಲ್ಲದ ದಲಿತರು. ಕಾಗದದ ಲೆಕ್ಕಕ್ಕೆ ಅವರು ನಿರಾಶ್ರಿತರಲ್ಲ. ಆದ್ರೆ ಹಸಿವು, ಜಾತಿ ಎರಡೂ ಬೆನ್ನಟ್ಟಿದ್ದವು. ಮೈಸೂರು ಆಗ ಬೇರೆ ಸಂಸ್ಥಾನ, ಅಂದ್ರೆ ಗಡಿ ದಾಟಿಯೇ ಬಂದೋರು.

ಅವರಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು, ಎದೆಗೂಡಿನ ತುಂಬ ಕಲ್ಲಿನ ದೂಳು. ಸಂಸ್ಥಾನಕ್ಕೆ ಸಿಕ್ಕಿದ್ದು? ವರ್ಷಾವರ್ಷ ಚಿನ್ನದ ರಾಯಧನ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿ ದಾಟಿ ಮೊದಲು ಬಂದಿದ್ದು ಈ ಗಣಿಗಳಿಗೇ. ಗಣಿ ಅನ್ನೋ ಖಾತ್ರಿ ಗಿರಾಕಿ ಇದ್ದಿದ್ದಕ್ಕೆ ತಾನೇ ಅಷ್ಟು ದುಡ್ಡು ಸುರಿಯೋ ಧೈರ್ಯ ಬಂದಿದ್ದು! ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರಲ್ಲಿ.

(ಲಂಡನ್ನಿನ ಷೇರುದಾರರ ಜೇಬಿಗೆ ಹೋದ ಲಾಭದ ಕಥೆ ಇನ್ನೊಂದು ದಿನ.)

2001ರಲ್ಲಿ ಗಣಿ ಮುಚ್ಚಿತು. ಆ ಮನೆಗಳ ಮರಿಮೊಮ್ಮಕ್ಕಳು ಈಗ ಇದೇ ಲೈನಲ್ಲಿ ಕತ್ತಲಿರುವಾಗಲೇ ಟ್ರೈನ್ ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಸೀಟು ಸಿಕ್ಕರೆ ಪುಣ್ಯ, ಇಲ್ಲಾಂದ್ರೆ ಬಾಗಿಲ ಹತ್ರ ನಿಂತ್ಕೊಂಡೇ.

ಮುಂದಿನ ಭಾಗ: ಸೈನೈಡ್ ದಿಬ್ಬಗಳು.