ಜೋಳದ ನಾಡಿನಲ್ಲಿ ಗಂಜಿಯ ಬಟ್ಟಲು

ಕಳೆದ ಮಳೆಗಾಲದಲ್ಲಿ ಅಪ್ಪ ಕರುಳಿನ ಉರಿಯೂತದಿಂದ ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ, ಎರಡು ವಾರ ನಾರಿನಂಶ ತೀರಾ ಕಡಿಮೆ ಇರುವ ಆಹಾರ ಕೊಡಬೇಕೆಂದು ಬರೆದಿತ್ತು. ಅದರ ಕೆಳಗೆ ಅಚ್ಚು ಹಾಕಿದ ಪಟ್ಟಿ: ಬಿಳಿ ಬ್ರೆಡ್, ಪಾಸ್ತಾ, ಕಾರ್ನ್‌ಫ್ಲೇಕ್ಸ್, ಸಿಪ್ಪೆ ತೆಗೆದು ಬೇಯಿಸಿದ ಸೇಬು. ನವಲಗುಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಈ ಪಟ್ಟಿ ಹಿಡಿದುಕೊಂಡು ಯಾವ ಅಂಗಡಿಗೆ ಹೋಗುವುದು ಎಂದು ಅವ್ವ ಚಿಂತೆಗೆ ಬಿದ್ದಳು. ನಾನು ಒಂದೊಂದಾಗಿ ಓದಿ ಅರ್ಥ ಹೇಳುತ್ತಿದ್ದೆ. ಮೂಲೆಯಲ್ಲಿ ಕೂತು ಕೇಳುತ್ತಿದ್ದ ಆಯಿ ನಡುವೆಯೇ ತಡೆದಳು: “ಅಂದ್ರ ರೊಟ್ಟಿ ಬ್ಯಾಡ, ಕಾಳ ಬ್ಯಾಡ, ಮೆತ್ತಗಿನ ಅನ್ನ ಕೊಡ್ರಿ ಅನ್ನಾಕ ಇಷ್ಟುದ್ದ ಬರದಾರೇನು?”

ಆಯಿಯ ಮಾತು ನಿಜ. ಆದರೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದರಲ್ಲೊಂದು ಪ್ರಶ್ನೆಯೂ ಕಂಡಿತು. ಇದು ಜೋಳದ ನಾಡು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಬೆಳೆಯುವುದು ಬಿಳಿಜೋಳ, ಕಡಲೆ, ಗೋಧಿ, ಹತ್ತಿ, ಮೆಣಸಿನಕಾಯಿ. ಭತ್ತ ಕಾಣಬೇಕೆಂದರೆ ಮಲೆನಾಡಿನ ಸೆರಗಾದ ಕಲಘಟಗಿಯ ಕಡೆ ಹೋಗಬೇಕು. ಹೀಗಿರುವಾಗ ಇಲ್ಲಿ ಹೊಟ್ಟೆ ಕೆಟ್ಟವರ ಊಟ ಅಕ್ಕಿಯೇ ಆದದ್ದು ಹೇಗೆ? ಅಕ್ಕಿ ಇಲ್ಲದ ಮನೆಯವರು ಏನು ಮಾಡುತ್ತಿದ್ದರು?

1884ರಲ್ಲಿ ಪ್ರಕಟವಾದ ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರ್‌ನ 22ನೇ ಸಂಪುಟ ಧಾರವಾಡ ಜಿಲ್ಲೆಯದು. ಅದರಲ್ಲಿ ಒಂದೊಂದೇ ಸಮುದಾಯದ ಉಡುಗೆ, ಕಸುಬು, ಊಟಗಳ ವಿವರವಿದೆ. ಓದುತ್ತ ಹೋದರೆ ಊಟದ ಸಾಲು ಮತ್ತೆ ಮತ್ತೆ ಒಂದೇ ರೀತಿ ಬರುತ್ತದೆ: ದಿನನಿತ್ಯಕ್ಕೆ ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯ; ಹಬ್ಬಕ್ಕೆ ಅಕ್ಕಿ ಮತ್ತು ಸಿಹಿ. ಬಹುಪಾಲು ಮನೆಗಳಲ್ಲಿ ಅನ್ನ ಹಬ್ಬದ ಅಡುಗೆಯಾಗಿತ್ತು. ಅದೇ ಅನ್ನಕ್ಕೆ ಇನ್ನೊಂದು ಸಂದರ್ಭವೂ ಇತ್ತೆಂಬುದನ್ನು ಹಳೆಯ ತಲೆಮಾರಿನ ಹೆಂಗಸರು ಹೇಳುತ್ತಾರೆ, ಅದು ಕಾಯಿಲೆ. “ಅನ್ನ ಯಾವಾಗ ಮಾಡ್ತಿದ್ರಿ?” ಎಂದು ಕೇಳಿದಾಗ ಆಯಿ ಹೇಳಿದ್ದು ಇಷ್ಟೇ: “ಹಬ್ಬಕ್ಕ, ಇಲ್ಲಾ ಜ್ವರಕ್ಕ.” ಗಡಿಗೆಯ ತಳದಲ್ಲಿ ಕಟ್ಟಿಟ್ಟ ಒಂದು ಪಾವು ಅಕ್ಕಿ ಮನೆಯ ಔಷಧದ ಪೆಟ್ಟಿಗೆಯೂ ಆಗಿತ್ತು.

ಇದರ ಹಿಂದಿನ ಲೆಕ್ಕವನ್ನು ಈಗಿನ ಅಂಕಿಗಳಲ್ಲಿ ನೋಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೋಳದ ಮುಖ್ಯ ಪ್ರೋಟೀನಾದ ಕಾಫಿರಿನ್ ನೀರಿನಲ್ಲಿ ಬೆಂದಾಗ ಒಂದಕ್ಕೊಂದು ಹೆಣೆದುಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಹೊಲದಲ್ಲಿ ದುಡಿಯುವವನ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುವ ರೊಟ್ಟಿಯ ಗುಣವೇ ಹುಣ್ಣಾದ ಕರುಳಿಗೆ ಭಾರ. ಅಕ್ಕಿ ಉಣ್ಣುವವರನ್ನು ಹಗುರವಾಗಿ, ಜೋಳ ಉಣ್ಣುವವರನ್ನು ಬಲಶಾಲಿಯಾಗಿ ಚಿತ್ರಿಸುವ ತ್ರಿಪದಿಯೊಂದು ಸರ್ವಜ್ಞನ ಹೆಸರಿನಲ್ಲಿದೆ. ಹಗುರ ಎಂಬುದನ್ನು ನಾವು ಗೇಲಿಯಾಗಿ ಓದುತ್ತೇವೆ. ರೋಗಿಗೆ ಬೇಕಾದದ್ದು ಆ ಹಗುರವೇ.

ಗ್ರಂಥಗಳಲ್ಲೂ ಪಥ್ಯದ ತಿಳಿವಳಿಕೆ ಹಳೆಯದು. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯೂ ವೈದ್ಯವೂ ಒಂದೇ ಪುಸ್ತಕದ ಅಧ್ಯಾಯಗಳು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ದ ಮೂಲಕ ವೈದ್ಯವನ್ನು ಕನ್ನಡಕ್ಕೆ ತಂದ, ಜೈನನಾದ ಅವನ ಚಿಕಿತ್ಸೆಯಲ್ಲಿ ಮಾಂಸ, ಮದ್ಯ, ಜೇನು ಇಲ್ಲ. ಆಯುರ್ವೇದದಲ್ಲಿ ಗಂಜಿಗೆ ನೀರಿನ ಪ್ರಮಾಣವೇ ನಿಗದಿಯಾಗಿದೆ. ಅಕ್ಕಿಯ 14 ಪಟ್ಟು ನೀರಿನಲ್ಲಿ ಬೇಯಿಸಿ ಸೋಸಿದರೆ ಮಂಡ, 6 ಪಟ್ಟಿಗೆ ಯವಾಗು, 4 ಪಟ್ಟಿಗೆ ವಿಲೇಪಿ. ಶೋಧನ ಚಿಕಿತ್ಸೆಯ ನಂತರ ತೆಳು ಗಂಜಿಯಿಂದ ಶುರುಮಾಡಿ ಗಟ್ಟಿ ಗಂಜಿ, ಬೇಳೆಯ ಕಟ್ಟು, ಆಮೇಲೆ ಮಾಮೂಲಿ ಊಟ ಎಂದು ಹಂತಹಂತವಾಗಿ ಏರಿಸುವ ಕ್ರಮಕ್ಕೆ ಸಂಸರ್ಜನ ಎಂದು ಹೆಸರು. ಪೂರ್ಣ ಶೋಧನವಾದವರಿಗೆ ಇದು ಏಳು ದಿನಗಳ ಕ್ರಮ. ಪಥ್ಯ ಒಂದು ಏಣಿ, ಅದಕ್ಕೆ ಕೊನೆಯ ಮೆಟ್ಟಿಲು ಇದೆ ಎಂಬುದು ಇಲ್ಲಿ ಮುಖ್ಯ.

ಆದರೆ ಈ ಗ್ರಂಥಗಳು ಅಕ್ಕಿ ಇದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಕ್ಕಿ ಕೊಳ್ಳಲಾಗದ ಮನೆಯ ಪಥ್ಯ ಯಾವ ಓಲೆಗರಿಯಲ್ಲೂ ಏರಲಿಲ್ಲ. ಅದು ಒರಳಿನ ಬಳಿ ಉಳಿಯಿತು. ಜೋಳಕ್ಕೆ ನೀರು ಚಿಮುಕಿಸಿ, ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ ಹೊಟ್ಟು ತೆಗೆಯುತ್ತಿದ್ದರು. ಹೊಟ್ಟು ದನಕ್ಕೆ, ಒಳಗಿನ ತಿರುಳು ಒಡೆದು ನುಚ್ಚು. ಆ ನುಚ್ಚನ್ನು ಬಹಳ ನೀರಿಟ್ಟು ಕುದಿಸಿ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದರು. ನಾರು ಇರುವುದು ಹೆಚ್ಚಾಗಿ ಆ ಹೊಟ್ಟಿನಲ್ಲಿಯೇ. ಚೀಟಿಯಲ್ಲಿ ಬರೆದದ್ದನ್ನು ಈ ಹೆಂಗಸರು ತೋಳಿನ ಬಲದಿಂದ, ತಾವು ಬೆಳೆದ ಕಾಳಿನಿಂದಲೇ ಮಾಡಿಕೊಂಡಿದ್ದರು.

ಬರ ಬಂದಾಗ ಈ ವಿದ್ಯೆಯೂ ಕೈಕಟ್ಟಿ ನಿಂತಿತು. 1876ರಲ್ಲಿ ಮಳೆ ಹೋಗಿ ಎರಡು ವರ್ಷ ಕಾಡಿದ ಕ್ಷಾಮದಲ್ಲಿ ಧಾರವಾಡವೂ ಇತ್ತು. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಸ್ವಲ್ಪ ಪುಡಿಹಣ ಸಾಕೆಂದ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದು ಸಾಲದೆಂದು ವಾದಿಸಿದ. ಆ ಕ್ಷಾಮದ ಕಾಯಿಲೆಗಳ ಬಗ್ಗೆ 1889ರಲ್ಲಿ ಪುಸ್ತಕ ಬರೆದ ಮದರಾಸಿನ ವೈದ್ಯ ಅಲೆಕ್ಸಾಂಡರ್ ಪೋರ್ಟರ್, ಹಸಿವಿನಿಂದ ಸತ್ತವರ ಕರುಳಿನ ಗೋಡೆ ತೆಳುವಾಗಿ ಸವೆದಿದ್ದುದನ್ನು ದಾಖಲಿಸಿದ. ಅಂಥ ಕರುಳಿಗೆ ಕಾಳು ಸಿಕ್ಕಿದರೂ ಅರಗುವುದಿಲ್ಲ. ತಿಂದದ್ದು ಭೇದಿಯಾಗಿ ಹೋಗುತ್ತದೆ. ದೀರ್ಘ ಹಸಿವು ಕೂಡ ಕರುಳಿನ ಕಾಯಿಲೆಯೇ. ಅದಕ್ಕೆ ಮೊದಲು ಬೇಕಾದದ್ದು ಗಂಜಿ. ಅದನ್ನು ಕಾಸಲು ಬಿಡುವು, ಸೌದೆ, ಪಕ್ಕದಲ್ಲೊಬ್ಬರು ಬೇಕು. ಮನೆಮಂದಿಯೆಲ್ಲ ಕಲ್ಲು ಒಡೆಯಲು ಹೋದಾಗ ಇವು ಮೂರೂ ಇರಲಿಲ್ಲ.

ಪರಂಪರೆಯನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ನಮ್ಮ ಕಡೆ ಪಥ್ಯವೆಂದರೆ ಸಪ್ಪೆ. ಜುಲಾಬು ಹತ್ತಿದವರಿಗೆ ಉಪ್ಪು ಬೇಡ, ಕೆಲವು ಮನೆಗಳಲ್ಲಿ ನೀರೂ ಬೇಡ. ಈ ನಂಬಿಕೆ ಎಷ್ಟೋ ಕೂಸುಗಳ ಜೀವಕ್ಕೆ ಎರವಾಗಿದೆ. ಭೇದಿಯಲ್ಲಿ ಸಾಯುವುದು ನೀರು ಮತ್ತು ಉಪ್ಪು ಹೋಗಿ. ಕರುಳು ಸಕ್ಕರೆಯ ಜೊತೆಗೆ ಸೋಡಿಯಂ ಹೀರಿಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ ಎಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು. 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಸಕ್ಕರೆ-ಉಪ್ಪಿನ ದ್ರಾವಣವನ್ನೇ ಕುಡಿಸಿ ಸಾವುಗಳನ್ನು ತಗ್ಗಿಸಿದರು. 1980ರ ದಶಕದಲ್ಲಿ ಢಾಕಾದ ಸಂಶೋಧಕರು ಸಕ್ಕರೆಯ ಬದಲು ಅಕ್ಕಿಹಿಟ್ಟು ಬಳಸಿ, ಕಾಲರಾದಲ್ಲಿ ಅದು ಭೇದಿಯ ಪ್ರಮಾಣವನ್ನೂ ಇಳಿಸುತ್ತದೆಂದು ತೋರಿಸಿದರು. ಗಂಜಿಯ ತಿಳಿಯಲ್ಲಿ ಮದ್ದಿನ ಅರ್ಧ ಇತ್ತು. ನಾವು ದೂರವಿಟ್ಟ ಉಪ್ಪು ಉಳಿದರ್ಧವಾಗಿತ್ತು.

ಇನ್ನೊಂದು ತಪ್ಪು ಈ ಕಾಲದ್ದು. ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದ ಅನುಭವದ ಮೇಲೆ 1970ರ ದಶಕದಲ್ಲಿ ನಾರಿನ ಮಹತ್ವವನ್ನು ಜಗತ್ತಿಗೆ ಸಾರಿದ. ಈಗ ಎಲ್ಲ ವೈದ್ಯರೂ ಆರೋಗ್ಯವಂತರಿಗೆ ನಾರು ಬೇಕೆನ್ನುತ್ತಾರೆ. ನಮ್ಮಲ್ಲಿ ನಡೆದದ್ದು ಉಲ್ಟಾ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಬಡ ಕುಟುಂಬಗಳಿಗೆ ಕಿಲೋಗೆ 1 ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಹಸಿವಿನ ಇತಿಹಾಸ ಓದಿದವರು ಯಾರೂ ಇದನ್ನು ಹಗುರವಾಗಿ ಕಾಣಲಾರರು. ಆದರೆ ಕಾಯಿಲೆಯ ಊಟ ದಿನದ ಊಟವಾದಾಗ ಪಥ್ಯ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಅಳಿಸಿಹೋಯಿತು. ರೊಟ್ಟಿ ಬಡಿಯುವವರು ಕಡಿಮೆಯಾದ ಮನೆಗಳಲ್ಲಿ ಏಣಿ ಹತ್ತಿ ಹೋಗಬೇಕಾದ ಮಾಳಿಗೆಯೇ ಇಲ್ಲ.

ನಾವು ಅಪ್ಪನ ಚೀಟಿಯನ್ನು ನಮ್ಮ ಅಡುಗೆಮನೆಯ ಭಾಷೆಗೆ ಇಳಿಸಿ, ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದೆವು. ಬೆಳಿಗ್ಗೆ ಉಪ್ಪು ಹಾಕಿದ ಗಂಜಿತಿಳಿ, ಅಥವಾ ಸಣ್ಣ ರವೆಯ ತೆಳ್ಳನೆಯ ಗಂಜಿ. ಮಧ್ಯಾಹ್ನ ಬಿಳಿ ಅಕ್ಕಿಯ ಮೆತ್ತಗಿನ ಅನ್ನ, ಸೋಸಿದ ಹೆಸರುಬೇಳೆಯ ಕಟ್ಟು, ಸಿಪ್ಪೆ-ಬೀಜ ತೆಗೆದು ಬೇಯಿಸಿದ ಸೋರೆಕಾಯಿ. ಸಂಜೆ ಸಾಬೂದಾಣಿ ಗಂಜಿ. ರಾತ್ರಿ ಒಗ್ಗರಣೆ ಇಲ್ಲದ ಮೊಸರನ್ನ, ಇಲ್ಲವೇ ಹಿಚುಕಿದ ಆಲೂಗಡ್ಡೆ. ಬೇಡದವುಗಳ ಪಟ್ಟಿಯನ್ನು ಆಯಿಯೇ ಬರೆಸಿದಳು: ರೊಟ್ಟಿ, ಮಡಕಿಕಾಳು, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಹಸಿ ಮೆಂತ್ಯ, ಮೂಲಂಗಿ, ಗಜ್ಜರಿ, ಕೆಂಪು ಖಾರ. ಉಪ್ಪಿನ ವಿಷಯದಲ್ಲಿ ಮಾತ್ರ ಅವಳಿಗೂ ನನಗೂ ಎರಡು ದಿನ ವಾದ ನಡೆಯಿತು. ಡಾಕ್ಟರ್ ಫೋನಿನಲ್ಲಿ ಹೇಳಿದ ಮೇಲೆ ಒಪ್ಪಿದಳು.

ಎರಡು ವಾರ ಕಳೆದು ತಪಾಸಣೆ ಮುಗಿಸಿ ಬಂದ ದಿನ ಅವ್ವ ಅರ್ಧ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ಮುರಿದು ಹಾಕಿ ಕೊಟ್ಟಳು. ಅಪ್ಪ ತಟ್ಟೆ ಬಳಿದು ಉಂಡ. ಮರುದಿನ ಒಂದು ರೊಟ್ಟಿ ಕೇಳಿದ. ಆಯಿ ಮಿಕ್ಕ ಅಕ್ಕಿಯನ್ನು ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಅಟ್ಟದ ಮೇಲಿಟ್ಟಳು.