ಅರ್ಜಿ, ಅಹವಾಲು, ದೂರು: ಹಳೆ ಬೆಂಗಳೂರಿನ ನಾಗರಿಕ ಅಸಮಾಧಾನ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಬೆಂಗಳೂರಿನ ಹಳೆಯ ಬಡಾವಣೆಗಳ ಜನ ನಗರಸಭೆ, ಸರ್ಕಾರಿ ಇಲಾಖೆ, ಸಹಕಾರಿ ಬ್ಯಾಂಕು ಮೊದಲಾದ ಸಂಸ್ಥೆಗಳ ಬಗ್ಗೆ ನೂರು ವರ್ಷಕ್ಕೂ ಮೇಲ್ಪಟ್ಟು ತೋರಿಸುತ್ತ ಬಂದ ಅಸಮಾಧಾನ, ಅದು ತಾಳಿದ ರೂಪಗಳು, ಆಡಳಿತ ಅದಕ್ಕೆ ಕೊಟ್ಟ ಉತ್ತರಗಳು ಈ ಲೇಖನದ ವಿಷಯ. ಈ ಬಡಾವಣೆಗಳಲ್ಲಿ ದಂಗೆ ಅಪರೂಪ, ಅರ್ಜಿ ಧಾರಾಳ. ಒಂದೊಂದು ತಲೆಮಾರಿನ ಸಿಟ್ಟಿಗೂ ಸರ್ಕಾರ ಅಹವಾಲು ಕೇಳುವ ಹೊಸ ಏರ್ಪಾಡೊಂದನ್ನು ಮಾಡಿಕೊಟ್ಟಿದೆ. ಹಳೆಯ ಕಚೇರಿಯನ್ನು ಸರಿಮಾಡುವ ಬದಲು ಅದರ ಪಕ್ಕದಲ್ಲೇ ಇನ್ನೊಂದು ಕೌಂಟರ್ ತೆರೆಯುವ ಈ ಅಭ್ಯಾಸ 1881ರಿಂದ ಇಂದಿನವರೆಗೂ ಬಿಟ್ಟಿಲ್ಲ.

ಹಿನ್ನೆಲೆ

ಬೆಂಗಳೂರಿಗೆ ಪುರಸಭೆ ಬಂದದ್ದು 1862ರಲ್ಲಿ. ಪೇಟೆಯ ಇಕ್ಕಟ್ಟಿನಿಂದ ಆಚೆಗೆ ಚಾಮರಾಜಪೇಟೆ ಬಡಾವಣೆ 1892ರಲ್ಲಿ ಶುರುವಾಯಿತು. 1898ರ ಆಗಸ್ಟಿನಲ್ಲಿ ಪ್ಲೇಗು ಕಾಲಿಟ್ಟ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಕೆಲಸಕ್ಕೆ ವೇಗ ಬಂತು. ಅಗಲವಾದ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿಬೆಳಕು ಎಲ್ಲವನ್ನೂ ನಕ್ಷೆಯಲ್ಲೇ ಗುರುತಿಸಿ ಕಟ್ಟಿದ ಬಡಾವಣೆಗಳಿವು. ಇಲ್ಲಿ ಬಂದು ನೆಲೆಸಿದವರಲ್ಲಿ ಗುಮಾಸ್ತರು, ವಕೀಲರು, ಮೇಷ್ಟರುಗಳು, ಪಿಂಚಣಿ ಪಡೆದ ಅಮಲ್ದಾರರು ಬಹಳ. ಮುಂದಿನ ಕಥೆಗೆಲ್ಲ ಇದೇ ಕೀಲಿ. ಹಗಲು ಕಚೇರಿಯಲ್ಲಿ ಕೂತು ಇನ್ನೊಬ್ಬರ ಅರ್ಜಿಯ ಮೇಲೆ ಷರಾ ಬರೆಯುತ್ತಿದ್ದವರೇ ನಿವೃತ್ತರಾದ ಮೇಲೆ ಚರಂಡಿಯ ಬಗ್ಗೆ ಅರ್ಜಿ ಬರೆಯತೊಡಗಿದರು. ಸಿಟ್ಟಿದ್ದರೂ 'ತಮ್ಮ ಅವಗಾಹನೆಗೆ ತರಬಯಸುತ್ತೇನೆ' ಎಂಬ ಧಾಟಿಯಲ್ಲೇ ಅದು ಹೊರಬರುತ್ತಿತ್ತು.

ಅಹವಾಲು ಹೇಳಿಕೊಳ್ಳುವುದಕ್ಕೆಂದೇ ಒಂದು ಸಭೆಯನ್ನು ಮೈಸೂರು ಸಂಸ್ಥಾನ ಅಷ್ಟುಹೊತ್ತಿಗಾಗಲೇ ಏರ್ಪಡಿಸಿತ್ತು. ದಿವಾನ ಸಿ. ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ದಸರಾ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ ಬಂದವರು 144 ಮಂದಿ. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಸದಸ್ಯರು ತಮ್ಮ ಸೀಮೆಯ ಕುಂದುಕೊರತೆ ಹೇಳುವುದು, ದಿವಾನರು ಉತ್ತರ ಕೊಡುವುದು, ಇಷ್ಟೇ ಅದರ ಕೆಲಸ. ಬ್ರಿಟಿಷ್ ಇಂಡಿಯಾದ ಪ್ರಾಂತಗಳಿಗಿಂತ ಇದು ಎಷ್ಟೋ ಮುಂದಿನ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಕೇಳುವ ಕಿವಿ ಒಂದು ಕಡೆ, ಮಾಡುವ ಕೈ ಇನ್ನೊಂದು ಕಡೆ ಎಂಬ ಪದ್ಧತಿಗೂ ಬುನಾದಿ ಬಿದ್ದದ್ದು ಅಲ್ಲಿಯೇ. ಪತ್ರಿಕೆಗಳ ಮಟ್ಟಿಗೆ ಇಷ್ಟು ಔದಾರ್ಯವೂ ಇರಲಿಲ್ಲ. 1908ರ ಪತ್ರಿಕಾ ನಿರ್ಬಂಧ ಕಾಯಿದೆ ಬಂದ ಮೇಲೆ ಸಂಸ್ಥಾನದಲ್ಲಿ ಸರ್ಕಾರವನ್ನು ಟೀಕಿಸಿ ಪತ್ರಿಕೆ ನಡೆಸುವುದು ಕಷ್ಟವಾಯಿತು.

ಊರು ಅರ್ಜಿಯ ದಾರಿ ಬಿಟ್ಟು ಬೀದಿಗಿಳಿದ ಒಂದು ಪ್ರಸಂಗ 1928ರದು. ಚಾಮರಾಜಪೇಟೆಗೆ ಹತ್ತಿರದ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಗಣಪತಿಯ ವಿಚಾರಕ್ಕೆ ಹುಟ್ಟಿದ ಗಲಾಟೆ ಕೋಮು ಘರ್ಷಣೆಯಾಗಿ ಬೆಳೆಯಿತು. ಸರ್ಕಾರ ವಿಚಾರಣಾ ಸಮಿತಿಯೊಂದನ್ನು ನೇಮಿಸಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು.

ಡಿ.ವಿ.ಜಿ. ಮತ್ತು ಗೋಖಲೆ ಸಂಸ್ಥೆ

ಅಸಮಾಧಾನವನ್ನು ಬರೀ ಗೊಣಗಾಟವಾಗಲು ಬಿಡದೆ ಅಧ್ಯಯನದ ವಿಷಯವಾಗಿ ಮಾಡಲು ಹೊರಟವರು ಡಿ.ವಿ. ಗುಂಡಪ್ಪ. ಪತ್ರಕರ್ತರಾಗಿ, ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ ಆಡಳಿತವನ್ನು ಒಳಗೂ ಹೊರಗೂ ಕಂಡಿದ್ದ ಅವರು 1945ರಲ್ಲಿ ಬಸವನಗುಡಿ ಭಾಗದಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬುಲ್ ಟೆಂಪಲ್ ರಸ್ತೆಯ ಆ ಕಟ್ಟಡದಲ್ಲಿ ಬಜೆಟ್ಟು, ಸಂವಿಧಾನ, ಚುನಾವಣೆಗಳ ಚರ್ಚೆಯೂ ಆಯಿತು, ಗೀತೆ, ಕಾವ್ಯಗಳ ಪಾಠವೂ ಆಯಿತು. ಪ್ರಜೆ ತಿಳಿವಳಿಕೆಯಿಂದ ಪ್ರಶ್ನೆ ಕೇಳಿದರೆ ಅಧಿಕಾರಿ ಜವಾಬ್ದಾರಿಯಿಂದ ಉತ್ತರ ಕೊಡುತ್ತಾನೆಂಬ ನಂಬಿಕೆ ಅದರ ಹಿಂದಿತ್ತು. ಆ ನಂಬಿಕೆಯ ಮೊದಲರ್ಧವನ್ನು ಬಸವನಗುಡಿ ಚೆನ್ನಾಗಿಯೇ ಪಾಲಿಸಿತು.

ಒಂದೇ ರಸ್ತೆ, ನಾಲ್ಕು ಇಲಾಖೆ

1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ (ಸಿ.ಐ.ಟಿ.ಬಿ.), 1949ರಲ್ಲಿ ಕಾರ್ಪೊರೇಷನ್, 1964ರಲ್ಲಿ ಜಲಮಂಡಳಿ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.), ಹೀಗೆ ನಗರಕ್ಕೆ ಒಂದರ ಮೇಲೊಂದು ಸಂಸ್ಥೆಗಳು ಬಂದವು. ರಸ್ತೆಗೆ ಡಾಂಬರು ಹಾಕುವವರು ಒಬ್ಬರು, ಪೈಪಿಗಾಗಿ ಅದನ್ನು ಅಗೆಯುವವರು ಇನ್ನೊಬ್ಬರು, ಕೇಬಲ್ಲಿಗಾಗಿ ಮತ್ತೆ ಅಗೆಯುವವರು ಮಗದೊಬ್ಬರು. ಸಿ.ಐ.ಟಿ.ಬಿ. ಸೈಟು, ರೆವಿನ್ಯೂ ಸೈಟು, ಬಿ ಖಾತೆ ಎಂಬ ಮಾತುಗಳು ಮದುವೆ ಮಾತುಕತೆಯವರೆಗೂ ಬಂದದ್ದು ಈ ವ್ಯವಸ್ಥೆಯ ಕೊಡುಗೆ.

ಈ ಬಡಾವಣೆಗಳಲ್ಲಿ ಅತಿ ಹೆಚ್ಚು ಜನ ಪಟ್ಟ ಪಾಡೆಂದರೆ ಖಾತೆ ಬದಲಾವಣೆ. ತಂದೆ ತೀರಿಕೊಂಡಿದ್ದಾರೆ, ಮನೆ ಮಕ್ಕಳ ಹೆಸರಿಗೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಕ್ರಯಪತ್ರದ ನಕಲು, ಹಿಂದಿನ ವರ್ಷಗಳ ಕಂದಾಯದ ರಸೀದಿ, ನೋಟರಿ ಮಾಡಿಸಿದ ಅಫಿಡವಿಟ್ಟು ಎಲ್ಲವನ್ನೂ ದಾರದ ಕಡತದಲ್ಲಿ ಕಟ್ಟಿಕೊಂಡು ಹೋದರೆ ಟಪಾಲಿನವರು ಸೀಲು ಹಾಕಿ ಸ್ವೀಕೃತಿ ಕೊಡುತ್ತಾರೆ. ಅದಾದ ಮೇಲೆ ಫೈಲು ಕೇಸ್ ವರ್ಕರ್ ಮೇಜಿಗೆ ಹೋಗಿ ಕೂರುತ್ತದೆ. 'ಸಾಹೇಬ್ರು ಇನ್ಸ್‌ಪೆಕ್ಷನ್ನಿಗೆ ಹೋಗಿದಾರೆ, ನಾಳೆ ಬನ್ನಿ' ಎಂಬ ಮಾತು ಕೇಳದೆ ಖಾತೆ ಮಾಡಿಸಿಕೊಂಡವರು ವಿರಳ. 1990ರ ದಶಕದಲ್ಲಿ ದೆವ್ವ ಬರದಿರಲೆಂದು ಊರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದ ಕಾಲವೊಂದಿತ್ತು. ಕಚೇರಿಗಳು ಅದೇ ಮಂತ್ರವನ್ನು ಪ್ರಜೆಗಳ ಮೇಲೆ ಬಹಳ ಹಿಂದಿನಿಂದಲೂ ಪ್ರಯೋಗಿಸುತ್ತಿದ್ದವು. ಕೊನೆಗೆ ಕಚೇರಿ ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ಯಾರಾದರೂ ಸಿಗುತ್ತಾರೆ. ಕೊಟ್ಟದ್ದಕ್ಕೆ ಲಂಚ ಎನ್ನುವ ರೂಢಿಯಿಲ್ಲ, ಅದು 'ಖರ್ಚು'.

ಮಾತು, ಪತ್ರಿಕೆ

ಹೇಳಿಕೊಳ್ಳಲು ಇದ್ದ ಇನ್ನೊಂದು ಜಾಗ ಪತ್ರಿಕೆ. ಪ್ರಜಾವಾಣಿಯ 'ವಾಚಕರ ವಾಣಿ'ಗೆ ಬೀದಿದೀಪದಿಂದ ಹಿಡಿದು ಪ್ರಧಾನಮಂತ್ರಿಯವರೆಗೆ ಪತ್ರ ಬರೆದವರು ಈ ಬಡಾವಣೆಗಳಲ್ಲಿ ಲೆಕ್ಕವಿಲ್ಲ. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ 'ಲಂಕೇಶ್ ಪತ್ರಿಕೆ' ಬೇರೆಯೇ ಮಟ್ಟು ಹಿಡಿಯಿತು. ಜಾಹೀರಾತು ತೆಗೆದುಕೊಳ್ಳದ ಈ ವಾರಪತ್ರಿಕೆ ಬಸವನಗುಡಿಯಿಂದ ಹೊರಡುತ್ತಿತ್ತು. 'ಅವಗಾಹನೆಗೆ ತರಬಯಸುತ್ತೇನೆ' ಎಂಬ ಧಾಟಿಗೆ ಅಲ್ಲಿ ಜಾಗವಿರಲಿಲ್ಲ. ಮಂತ್ರಿಗಳನ್ನು ಅಡ್ಡಹೆಸರಿಟ್ಟು ಕರೆದು, ಆಡುಮಾತಿನಲ್ಲಿ ಜಾಡಿಸಿ, ಅಧಿಕಾರದ ಭಯವನ್ನು ನಗೆಯಲ್ಲಿ ಕರಗಿಸಿತು. ಅದೇ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳ ರೈತರ ಮೇಲೆ ಗೋಲಿಬಾರ್ ಆಗಿತ್ತು. ಆಗಿನ ಮುಖ್ಯಮಂತ್ರಿ ಆರ್. ಗುಂಡೂರಾಯರ ಸರ್ಕಾರ 1983ರ ಚುನಾವಣೆಯಲ್ಲಿ ಸೋತದ್ದಕ್ಕೆ ಕಾರಣ ಹಲವು. ಪತ್ರಿಕೆಯ ಪಾಲೂ ಅದರಲ್ಲಿತ್ತು ಎಂಬುದನ್ನು ಒಪ್ಪದವರು ಕಡಿಮೆ.

ತಮ್ಮ ಊರಿನಲ್ಲೇ ತಾವು ಮೂಲೆಗುಂಪು ಎಂಬ ಕನ್ನಡಿಗರ ಕೊರಗೂ ಇದೇ ಬೀದಿಗಳಲ್ಲಿ ಮಾತಾಯಿತು. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡ ಎದ್ದು ನಿಂತಿದ್ದರೂ ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಹೊರಗಿನ ವಿದ್ವಾಂಸರಿಗೇ ಮಣೆ, ಕನ್ನಡ ಕಲಾವಿದರಿಗೆ ಅವಕಾಶವಿಲ್ಲ ಎಂದು ಸಾಹಿತಿ ಅ.ನ. ಕೃಷ್ಣರಾಯರು 1960ರ ದಶಕದ ಆರಂಭದಲ್ಲಿ ದನಿ ಎತ್ತಿದರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1982ರ ಗೋಕಾಕ್ ಚಳವಳಿಯಲ್ಲಿ ಆ ಕೊರಗು ರಾಜ್ಯವ್ಯಾಪಿಯಾಯಿತು. ಕನ್ನಡಿಗರ ಉದ್ಯೋಗದ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರ ಸರೋಜಿನಿ ಮಹಿಷಿ ಸಮಿತಿ. 1986ರ ಅದರ ವರದಿಯ 58 ಶಿಫಾರಸುಗಳನ್ನು ಪ್ರತಿ ರಾಜ್ಯೋತ್ಸವಕ್ಕೂ ಯಾರಾದರೊಬ್ಬರು ನೆನಪಿಸುತ್ತಾರೆ.

ಅಂಕಪಟ್ಟಿಯ ಕಾಲ

ಅಸಮಾಧಾನವನ್ನು ಅಳೆಯಬಹುದು ಎಂದು ತೋರಿಸಿಕೊಟ್ಟದ್ದು ಬೆಂಗಳೂರೇ. ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ 1994ರಲ್ಲಿ ಹೊರಬಂದ ನಾಗರಿಕರ ಅಂಕಪಟ್ಟಿ, ಶಾಲೆಯ ಮಕ್ಕಳಿಗೆ ಕೊಡುವಂತೆ ಇಲಾಖೆಗಳಿಗೆ ಅಂಕ ಕೊಟ್ಟಿತು. ಬಿ.ಡಿ.ಎ. ಸೇವೆಯಿಂದ ತೃಪ್ತರಾದವರು ನೂರಕ್ಕೆ ಒಬ್ಬರು. ಎಲ್ಲ ಸಂಸ್ಥೆಗಳನ್ನೂ ಸೇರಿಸಿ ನೋಡಿದರೆ ತೃಪ್ತರ ಪ್ರಮಾಣ ಶೇ. 9. ಅದು 1999ರಲ್ಲಿ ಶೇ. 34ಕ್ಕೆ, 2003ರಲ್ಲಿ ಶೇ. 49ಕ್ಕೆ ಏರಿತು. ಎಸ್.ಎಂ. ಕೃಷ್ಣ ಅವರ ಸರ್ಕಾರ 1999ರಲ್ಲಿ ರಚಿಸಿದ ಬೆಂಗಳೂರು ಕಾರ್ಯಪಡೆ, 2000ದಲ್ಲಿ ಬಂದ ಆಸ್ತಿ ತೆರಿಗೆಯ ಸ್ವಯಂಘೋಷಣೆ ಪದ್ಧತಿ ಈ ಏರಿಕೆಯ ನಡುವಿನ ಘಟನೆಗಳು. ಅಂಕಪಟ್ಟಿಯ ವಿಧಾನವನ್ನು ಮುಂದೆ ಫಿಲಿಪೈನ್ಸಿನಂಥ ದೇಶಗಳೂ ಎತ್ತಿಕೊಂಡವು.

ಅಧಿಕಾರಿಗಳ ಮೇಲಿನ ದೂರು ವಿಚಾರಿಸುವ ಲೋಕಾಯುಕ್ತದ ಕಾಯಿದೆ 1984ರದಾದರೂ ಆ ಹೆಸರು ಮನೆಮಾತಾದದ್ದು ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಲ್ಲಿ ಆ ಸ್ಥಾನಕ್ಕೆ ಬಂದು ಆಸ್ಪತ್ರೆ, ಕಚೇರಿಗಳಿಗೆ ಹೇಳದೆ ಕೇಳದೆ ನುಗ್ಗತೊಡಗಿದ ಮೇಲೆ. ಅವರ ನಂತರ ಬಂದ ಸಂತೋಷ್ ಹೆಗ್ಡೆಯವರ 2011ರ ಅಕ್ರಮ ಗಣಿಗಾರಿಕೆ ವರದಿ ಮುಖ್ಯಮಂತ್ರಿಯ ರಾಜೀನಾಮೆಯವರೆಗೆ ಹೋಯಿತು. ನಾಲ್ಕೇ ವರ್ಷಕ್ಕೆ ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ವಸೂಲಿ ನಡೆದಿದೆ ಎಂಬ ಆರೋಪ ಎದ್ದು, ಆಗಿನ ಲೋಕಾಯುಕ್ತರು 2015ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬ ಇನ್ನೊಂದು ಸಂಸ್ಥೆ ಹುಟ್ಟುಹಾಕಿತು. 2022ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು.

'ನಾಳೆ ಬನ್ನಿ'ಗೆ ಕಾನೂನಿನ ಉತ್ತರವಾಗಿ ಬಂದದ್ದು ಸಕಾಲ. 2011ರ ಕಾಯಿದೆ, 2012ರ ಏಪ್ರಿಲಿನಿಂದ ರಾಜ್ಯವಿಡೀ ಜಾರಿ. ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ಆದರೆ ಅದು ತಡಮಾಡಿದ ನೌಕರನ ಜೇಬಿನಿಂದ ಹೋಗಬೇಕೆಂಬ ಕಲ್ಪನೆ ದೊಡ್ಡದು. ಗಡುವಿನ ದಿನ ಹತ್ತಿರವಾದಾಗ ಯಾವುದೋ ದಾಖಲೆ ಸಾಲದೆಂದು ಅರ್ಜಿಯನ್ನೇ ತಿರಸ್ಕರಿಸಿಬಿಟ್ಟರೆ ಲೆಕ್ಕದಲ್ಲಿ ತಡವೇ ಇಲ್ಲ ಎಂಬ ಉಪಾಯವನ್ನು ಕಚೇರಿಗಳು ಬೇಗ ಕಂಡುಕೊಂಡವು.

ಠೇವಣಿಯ ಹಣ

ಸರ್ಕಾರವನ್ನೂ ಲೇವಾದೇವಿಯವರನ್ನೂ ನೆಚ್ಚದೆ ತಾವೇ ಕಟ್ಟಿಕೊಂಡ ಸಂಸ್ಥೆಗಳೆಂದು ಈ ಬಡಾವಣೆಗಳು ಸಹಕಾರಿ ಬ್ಯಾಂಕುಗಳನ್ನು ಅಭಿಮಾನದಿಂದ ಕಾಣುತ್ತಿದ್ದವು. ಮೈಸೂರಿನ ಸಹಕಾರ ಕಾಯಿದೆ 1905ರಷ್ಟು ಹಳೆಯದು. ಹಾಗಾಗಿ 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಒಬ್ಬ ಠೇವಣಿದಾರ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಿದ್ದ ಪೆಟ್ಟು ಬೇರೆ ತರಹದ್ದು. ಸಾಲಿನಲ್ಲಿ ನಿಂತವರಲ್ಲಿ ನಿವೃತ್ತರೇ ಬಹಳ. ಗ್ರಾಚ್ಯುಟಿ, ಪಿ.ಎಫ್., ಸೈಟು ಮಾರಿದ ಹಣವನ್ನು ಬಡ್ಡಿ ಜಾಸ್ತಿ, ಪರಿಚಯದವರ ಬ್ಯಾಂಕು, ರಾಯರ ಹೆಸರು ಬೇರೆ ಎಂದು ಅಲ್ಲಿ ಇಟ್ಟಿದ್ದರು. ಠೇವಣಿ ವಿಮೆಯ ಮಿತಿ ಆ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯ ನಂತರ ಆ ಮಿತಿಯೊಳಗಿನ ಹಣ ಕೈಸೇರಿತು. ಅದರ ಮೇಲಿದ್ದವರು ಸಭೆ, ಮನವಿ, ಕೋರ್ಟು ಎಂದು ಅಲೆಯಬೇಕಾಯಿತು.

ನೈಜೀರಿಯದ ಇಗ್ಬೊ ಜನರ ಚರಿತ್ರೆ ಬಲ್ಲವರಿಗೆ ಇಲ್ಲಿ ಒಂದು ಸಂಗತಿ ಹೊಳೆಯದಿರದು. ಅವರು ಪ್ರತ್ಯೇಕ ದೇಶಕ್ಕಾಗಿ ಹೋರಾಡಿದ, 1967ರಿಂದ 1970ರವರೆಗಿನ ಬಯಾಫ್ರಾ ಯುದ್ಧ ಮುಗಿದ ಮೇಲೆ, ಖಾತೆಯಲ್ಲಿ ಎಷ್ಟೇ ಹಣವಿದ್ದರೂ ಅವರ ಕೈಗೆ ಬಂದದ್ದು 20 ಪೌಂಡು. ಲಕ್ಷಾಂತರ ಜನ ಸತ್ತ ಯುದ್ಧವನ್ನೂ ಒಂದು ಬ್ಯಾಂಕಿನ ಹಗರಣವನ್ನೂ ತಕ್ಕಡಿಯಲ್ಲಿಟ್ಟು ತೂಗಲಾಗದು. ಆ 20 ಪೌಂಡಿನ ಹಿಂದೆ ಸೋತವರು ಎಂಬ ಹಣೆಪಟ್ಟಿಯಿತ್ತು; ದೇಶ ತಮ್ಮದಲ್ಲ ಎಂಬ ಭಾವ ತಲೆಮಾರುಗಳ ನಂತರವೂ ಆರದೆ ಉಳಿಯಲು ಅದೂ ಒಂದು ಕಾರಣ. ಇಗ್ಬೊ ಸಾಹಿತಿ ಚಿನುವ ಅಚಿಬೆ 1983ರಲ್ಲಿ ನೈಜೀರಿಯದ ಕಷ್ಟಕ್ಕೆಲ್ಲ ನಾಯಕತ್ವದ ಸೋಲೇ ಮೂಲವೆಂದು ವಾದಿಸಿ ಪುಸ್ತಕ ಬರೆದರು. ಬಸವನಗುಡಿಯ ಠೇವಣಿದಾರನಿಗೆ ದೇಶದ ಮೇಲೆ ಅಂಥ ಅನುಮಾನ ಬರಲಿಲ್ಲ. ಅವನು ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ ಹಣಕಾಸು ಮಂತ್ರಿಗೆ ಇನ್ನೊಂದು ಪತ್ರ ಬರೆದ.

ಬೀದಿಗೆ ಇಳಿದದ್ದು

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗೆ 800ಕ್ಕೂ ಹೆಚ್ಚು ಮರ ಬಲಿಯಾಗಬೇಕಿತ್ತು. 'ಬೇಡ' ಎಂಬ ಒಂದೇ ಕನ್ನಡ ಪದ ಹಿಡಿದು ಅಕ್ಟೋಬರಿನಲ್ಲಿ ಸಾವಿರಾರು ಮಂದಿ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. 2023ರಲ್ಲಿ ಮಲ್ಲೇಶ್ವರದವರು ಸ್ಯಾಂಕಿ ಕೆರೆಯ ಪಕ್ಕದ ಮೇಲ್ಸೇತುವೆಯ ವಿರುದ್ಧ ನಡೆದಾಗ ಪೊಲೀಸರು ಕೇಸು ಹಾಕಿದರು. ಅಷ್ಟರೊಳಗೆ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಜಾಗವಿಲ್ಲ ಎಂಬ ಆದೇಶ ಬಂದಿತ್ತು. ಫ್ರೀಡಂ ಪಾರ್ಕ್ ಎಂದರೆ ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯ ಕೈದಿಗಳು ಇದ್ದದ್ದು ಅಲ್ಲೇ.

ಇಷ್ಟೆಲ್ಲ ದಾಖಲಾದದ್ದು ಬಹುಮಟ್ಟಿಗೆ ಓದುಬರಹ ಬಲ್ಲವರ, ಮೇಲ್ಜಾತಿಯ ಮನೆಗಳ ಅಸಮಾಧಾನ. ಬೆಳಗಿನ ಜಾವ ಅದೇ ರಸ್ತೆ ಗುಡಿಸುವ ಪೌರಕಾರ್ಮಿಕರು ಪತ್ರ ಬರೆಯಲಿಲ್ಲ, ಪೊರಕೆ ಕೆಳಗಿಟ್ಟರು. 2022ರ ಜುಲೈ ಮುಷ್ಕರದ ನಂತರ ಅವರನ್ನು ಕಾಯಂ ಮಾಡುವ ಮಾತನ್ನು ಸರ್ಕಾರ ಆಡಿತು. ಗಾಂಧಿಬಜಾರನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಹೊಸದಾಗಿ ಮಾಡುವಾಗ ಹೂವು, ಹಣ್ಣಿನ ವ್ಯಾಪಾರಿಗಳು ಜಾಗ ಬಿಟ್ಟು ಏಳಬೇಕಾಯಿತು. ಪಾರ್ಕಿಂಗ್ ಎಲ್ಲಿ ಎಂದು ಮನೆಯವರು, ಬುಟ್ಟಿ ಇಡುವುದೆಲ್ಲಿ ಎಂದು ಅವರು ಒಂದೇ ಕಚೇರಿಯನ್ನು ಕೇಳಿದರು.

ಇತ್ತೀಚಿನ ಸ್ಥಿತಿ

2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಹೊಸ ಬಡಾವಣೆಗಿಂತ ಹಳೆಯ ಮನೆಗಳಿಗೇ ಇದು ತೊಡಕು. ಕ್ರಯಪತ್ರದಲ್ಲಿ ತಾತನ ಹೆಸರಿಗೆ ಊರಿನ ಹೆಸರೂ ಸೇರಿರುತ್ತದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್ಲು, ತೆರಿಗೆ ರಸೀದಿಯಲ್ಲಿ ಕಾಗುಣಿತವೇ ಬೇರೆ. 'ನಾಳೆ ಬನ್ನಿ'ಯ ಜಾಗಕ್ಕೆ 'ಸರ್ವರ್ ಡೌನ್ ಸಾರ್' ಬಂದಿದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿ.ಬಿ.ಎಂ.ಪಿ.) ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಊರಿಗೆ ಕಾರ್ಪೊರೇಟರುಗಳೇ ಇರಲಿಲ್ಲ. 2006ರಿಂದ 2010ರವರೆಗೂ ಹೀಗೇ ಇತ್ತು. ಗ್ರೇಟರ್ ಬೆಂಗಳೂರು ಕಾಯಿದೆಯಂತೆ 2025ರ ಸೆಪ್ಟೆಂಬರ್ 2ರಂದು ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆಗಳು ಬಂದವು. ಮಲ್ಲೇಶ್ವರ, ಬಸವನಗುಡಿ ಪಶ್ಚಿಮಕ್ಕೆ, ಚಾಮರಾಜಪೇಟೆ ಕೇಂದ್ರಕ್ಕೆ ಸೇರಿದವು. ಕಾರ್ಪೊರೇಟರ್ ಇಲ್ಲದೆ ಐದು ವರ್ಷ ತುಂಬಿದ್ದು ಅದಾದ ಎಂಟು ದಿನಕ್ಕೆ.